ಬಾಲವಿದ್ದ ಚುಕ್ಕಿ

"ಇದೂ ಅಷ್ಟೇ ಕಣೋ ರೋಲಿ," ಎಂದಳು ಮಾರ್ಲಿಸ್. "ಚುಕ್ಕಿ ಚುಕ್ಕಿ ಅಂತೀಯ, ಎಲ್ಲಿದೆ ಇದ್ರಲ್ಲಿ ಚುಕ್ಕಿ? ಯಾರೋ ಕಾಲಲ್ಲಿ ತುಳಿದ ಹಣ್ಣಿದ್ದಂಗಿದೆ."

ಬೇಟೆ ಸಾಮಾನಿನ ಅಂಗಡಿಯ ಕೌಂಟರಿನಾಚೆ ನಿಂತಿದ್ದ ರೋಲಿ ಟ್ರೆವಾರೋ ಬಾಯಲ್ಲಿದ್ದ, ಮಾಂಸದ ಹೂರಣ ತುಂಬಿದ ಪಾಸ್ಟಿಯ ತುಂಡನ್ನು ಅವಸರವಿಲ್ಲದೆ ಅಗಿದು ನುಂಗಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅವಳಿಂದ ರೆಡ್ ಡಾಟನ್ನು ಇಸಿದುಕೊಂಡ. ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದಾದ ಕಪ್ಪು ಲೋಹದ ಗೂಡು, ಒಳಗೊಂದು ಗಾಜು. ಬಂದೂಕಿನ ಬೆನ್ನಿಗೆ ಕೂರಿಸಿ ಗಾಜಿನೊಳಗಿಂದ ನೋಡಿದರೆ ಗುರಿಯ ಮೇಲೊಂದು ಕೆಂಪು ಚುಕ್ಕಿ ಕಾಣಬೇಕು. ಚುಕ್ಕಿ ಎಲ್ಲಿ ಕೂರುತ್ತದೋ ಗುಂಡು ಅಲ್ಲಿಗೆ. ರೋಲಿ ಅದನ್ನು ಎದುರು ಗೋಡೆಯ ಜಿಂಕೆ ತಲೆಯತ್ತ ಹಿಡಿದು ನೋಡಿದ.

"ಸರಿಯಾಗೇ ಇದ್ಯಲ್ಲೇ! ದುಂಡಗೆ, ಗುಂಡುಸೂಜಿ ತಲೆ ಥರ, ಮೂಗಿನ ತುದೀಲಿ ಕೂತಿದೆ. ನೀನು ಬೆಳಕು ಜಾಸ್ತಿ ಮಾಡ್ಕೊಂಡಿದ್ದೀಯ. ಈ ತಿರುಪನ್ನ ಹಿಂದಕ್ಕೆ ತಿರುಗ್ಸು, ಆಗ ನೋಡು."

ಮಾರ್ಲಿಸ್ ತಿರುಗಿಸಿ ನೋಡಿದಳು. ಬೆಳಕು ಕುಗ್ಗಿತು. ಚುಕ್ಕಿ ಮಾತ್ರ ದುಂಡಗಾಗಲಿಲ್ಲ. ಎಡಕ್ಕೆ ಓರೆಯಾಗಿ ಒಂದು ಬಾಲ ಎಳೆದುಕೊಂಡೇ ಇತ್ತು. ಬಾಲದ ಪಕ್ಕದಲ್ಲಿ ಒಡೆದುಬಿದ್ದಂತೆ ಇನ್ನೊಂದು ಸಣ್ಣ ಚೂರು.

ಹೋದ ವಾರ ಒಯ್ದಿದ್ದ ಎಲ್ಲಕ್ಕಿಂತ ಅಗ್ಗದ್ದರಲ್ಲೂ ಇದೇ ಬಾಲವಿತ್ತು. ಅಗ್ಗದ ಮಾಲು, ಇನ್ನೇನು ನಿರೀಕ್ಷೆ ಮಾಡುವುದು ಎಂದುಕೊಂಡು ಅದನ್ನು ವಾಪಸು ತಂದಿದ್ದಳು. ಈಗ ಕೈಯಲ್ಲಿದ್ದದ್ದು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು. "ಬಸ್ ಓಡ್ಸೋಳು ಕೊಳ್ಳೋವಂಥದ್ದು ತೋರ್ಸು, ಯುದ್ಧಕ್ಕೆ ಹೋಗೋರು ಕೊಳ್ಳೋದು ಬೇಡ" ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು. ರೋಲಿಗೂ ಅದು ಸರಿ ಎನ್ನಿಸಿತ್ತು. ಅವನ ಪ್ರಕಾರ ಇಂಥದ್ದರಲ್ಲಿ ನೋಡಬೇಕಾದದ್ದು, ಏಟು ಬಿದ್ದರೂ ಚುಕ್ಕಿ ಜಾಗ ಬಿಡಬಾರದು, ಬ್ಯಾಟರಿ ಕೈಕೊಡಬಾರದು, ಗಾಜು ತಿಳಿಯಾಗಿರಬೇಕು, ಅಷ್ಟೆ. ಮಿಕ್ಕಿದ್ದೆಲ್ಲ ಹೆಸರಿಗೆ ಕೊಡುವ ದುಡ್ಡು.

ಕಾರ್ಬೈನು ಅವಳದೇ. ಹಗುರವಾದ ಗಿಡ್ಡ ಬಂದೂಕು. ಅದರಿಂದ ಒಂದು ಮೊಲ ಕೂಡ ಸತ್ತಿರಲಿಲ್ಲ. ಬುಧವಾರ ಸಂಜೆ ಹಳೆಯ ತಾಮ್ರದ ಗಣಿಯ ಹಿಂದಿನ ಕ್ಲಬ್ಬಿನಲ್ಲಿ ಹೆಂಗಸರು ಸೇರಿ ಕಬ್ಬಿಣದ ತಟ್ಟೆಗಳನ್ನು ಹೊಡೆದು ಬೀಳಿಸುತ್ತಿದ್ದರು. ತಟ್ಟೆ ಠಣ್ಣೆಂದು ಮಗುಚುವ ಸುಖಕ್ಕೆ, ಆಮೇಲಿನ ಕೇಕಿಗೆ, ಊರ ಸುದ್ದಿಗೆ. ಇಷ್ಟು ವರ್ಷ ಮಾರ್ಲಿಸಳಿಗೆ ಗುರಿ ಹಿಡಿಯಲು ನಳಿಗೆಯ ತುದಿಯ ಕಬ್ಬಿಣದ ಕಡ್ಡಿಯೇ ಸಾಕಾಗಿತ್ತು. ಈ ಬೇಸಿಗೆಯಲ್ಲಿ ಆ ಕಡ್ಡಿ ಹೊಗೆಯಂತಾಯಿತು. ತಟ್ಟೆ ನೋಡಿದರೆ ಕಡ್ಡಿ ಇಲ್ಲ, ಕಡ್ಡಿ ನೋಡಿದರೆ ತಟ್ಟೆ ಇಲ್ಲ. ವಯಸ್ಸು ಕಣೇ, ಎಂದು ನಕ್ಕು ಎಲ್ಲರೂ ಅವಳಿಗೆ ರೆಡ್ ಡಾಟ್ ಕೊಳ್ಳಲು ಹೇಳಿದ್ದರು. ಅವರೆಲ್ಲ ಆಗಲೇ ಕೊಂಡಾಗಿತ್ತು.

"ಈಗ?" ಎಂದ ರೋಲಿ. "ದುಂಡಗಾಯ್ತಾ?"

ಅವನು ಮತ್ತೊಮ್ಮೆ ಇಣುಕಿ ನೋಡಿದ್ದ. ಅವನಿಗೆ ಈಗಲೂ ದುಂಡಗೇ ಕಂಡಿತ್ತು. ಎರಡು ಬೇರೆ ಬೇರೆ ಕಂಪನಿಯ ಮಾಲು, ಎರಡಕ್ಕೂ ಒಂದೇ ಕಡೆ ಬಾಲ. 

"ಹೂಂ, ಈಗ ಪರವಾಗಿಲ್ಲ," ಎಂದು ಸುಳ್ಳು ಹೇಳಿದಳು.

"ಮನೆಗೆ ತಗೊಂಡ್ಹೋಗು. ಬಂದೂಕಿಗೆ ಕೂರಿಸಿ ನೋಡು. ಹಿಡಿಸಿದ್ರೆ ದುಡ್ಡು ಕೊಡು, ಇಲ್ದಿದ್ರೆ ವಾಪಸ್ ತಾ. ಡ್ವೇನ್‌ಗೆ ಕೇಳ್ದೆ ಅಂತ ಹೇಳು. ಅವ್ನು ನನ್ನ ಏಣಿ ತಗೊಂಡ್ಹೋಗಿ ಒಂದು ಕಾಲ ಆಯ್ತು ಅಂತಾನೂ ಹೇಳು."

ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ಗಂಡ ಹೆಂಡತಿ ಇಬ್ಬರೂ ಕೂತರು. ಡ್ವೇನ್ ಹೌಟಾಲ ಕಾಗದದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಊರವರು ಹಿಮದ ಮೇಲೆ ಓಡಿಸುವ ಸ್ನೋಮೊಬೈಲುಗಳನ್ನು ರಿಪೇರಿ ಮಾಡಿಕೊಂಡಿದ್ದ. ಮಾತು ಕಡಿಮೆ, ತಿರುಪುಳಿಗಳ ಜೊತೆ ಸಲಿಗೆ ಹೆಚ್ಚು. ಬಂದೂಕು ಖಾಲಿ ಇದೆಯೆಂದು ತಾನೊಮ್ಮೆ ನೋಡಿ, ಅವಳಿಗೂ ತೋರಿಸಿ, ರೆಡ್ ಡಾಟನ್ನು ಅದರ ಬೆನ್ನ ಮೇಲೆ ಕೂರಿಸಿ ಬಿಗಿದ.

ಮಾರ್ಲಿಸ್ ಹಿತ್ತಿಲ ಕಿಟಕಿಯಿಂದ ಸೌನಾ ಎಂಬ ಉಗಿಸ್ನಾನದ ಗುಡಿಸಲಿನ ಹೊಗೆಕೊಳವೆಗೆ ಗುರಿಯಿಟ್ಟಳು. ಬಾಲ ಎಡಕ್ಕೆ. ಅವಳು ಬಂದೂಕನ್ನು ತಲೆಕೆಳಗು ಮಾಡಿ ಹಿಡಿದು ನೋಡಿದಳು. ಸಾಧನದ್ದೇ ದೋಷವಾಗಿದ್ದರೆ ಬಾಲ ಈಗ ಬಲಕ್ಕೆ ಬರಬೇಕಿತ್ತು. ಬರಲಿಲ್ಲ. ಬಂದೂಕನ್ನು ನೆಟ್ಟಗೆ ಹಿಡಿದು ತನ್ನ ತಲೆಯನ್ನೇ ಹೆಗಲಿಗೆ ವಾಲಿಸಿದಳು. ತಲೆ ತಿರುಗಿದಷ್ಟೇ ಬಾಲವೂ ತಿರುಗಿತು.

"ಏನೇ ಅದು, ಗೂಬೆ ಥರ ಕತ್ತು ತಿರುಗಿಸ್ತಿದ್ದೀಯ?" ಎಂದ ಡ್ವೇನ್.

"ಏನಿಲ್ಲ. ಸುಮ್ನೆ."

"ಚೆನ್ನಾಗಿದೆ ಕಣೇ ಇದು. ತಾಳು, ನಮ್ಮಣ್ಣನಿಗೆ ಒಂದು ಫೋಟೋ ಕಳಿಸ್ತೀನಿ. ಅವ್ನು ಇದರ ನಾಲ್ಕರಷ್ಟು ಕೊಟ್ಟು ಕೊಂಡಿದ್ದಾನೆ, ಹೊಟ್ಟೆ ಉರೀಲಿ." ಅವನು ಫೋನನ್ನು ಗಾಜಿನ ಹಿಂದೆ ಹಿಡಿದು ಚಿತ್ರ ತೆಗೆದು, ಅವಳ ಮುಂದೆ ಚಾಚಿದ.

ಮಾರ್ಲಿಸ್ ಓದುವ ಕನ್ನಡಕವನ್ನು ಮೂಗಿಗೇರಿಸಿದಳು. ಚಿತ್ರದಲ್ಲಿ ಹೊಗೆಕೊಳವೆಯ ನಡುವೆ ಚುಕ್ಕಿ ಇತ್ತು. ಬಾಲವಿಲ್ಲ, ಚೂರಿಲ್ಲ. ಪುಟ್ಟದಾಗಿ, ದುಂಡಗೆ ಇತ್ತು. ಫೋನಿನ ಕಣ್ಣಿಗೆ ಸರಿಯಾಗಿ ಕಂಡದ್ದು ಅವಳ ಕಣ್ಣಿಗೆ ಕಾಣುತ್ತಿರಲಿಲ್ಲ.

ಅವಳು ಕನ್ನಡಕ ತೆಗೆದಿಟ್ಟಳು. ಹೋದ ತಿಂಗಳಿಂದ ಬೆಳಗಿನ ಕತ್ತಲಲ್ಲಿ ಎದುರಿನಿಂದ ಬರುವ ಗಾಡಿಗಳ ದೀಪ ಕೆದರಿದ ಪೊರಕೆಯಂತೆ ಕಾಣುತ್ತಿದ್ದದ್ದು ನೆನಪಾಯಿತು. ತಾನು ಓಡಿಸುವ ಶಾಲೆಯ ಬಸ್ಸಿನ ಮುಂದಿನ ಗಾಜು ಸವೆದಿದೆ ಎಂದು ಡಿಪೋದ ಗ್ಲೆನ್‌ನನ್ನು ಬೈದು ಬೈದು ಹೊಸ ಗಾಜು ಹಾಕಿಸಿಕೊಂಡಿದ್ದಳು. ಹೊಸ ಗಾಜಿನಲ್ಲೂ ಪೊರಕೆ ಹೋಗಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ, ತನಗೂ ಸೇರಿ.

"ಡ್ವೇನ್," ಎಂದಳು. "ಅಪ್ಪನಿಗೆ ಬಂದದ್ದು ನನಗೂ ಬಂದಿದೆ."

ಅವಳ ಅಪ್ಪ ಎಯ್ನಾರ್ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದವನು. ಒಂದು ಸಂಜೆ ಜಗಲಿಯಲ್ಲಿ ಕೂತು, ಆ ಟೆಲಿಫೋನ್ ಕಂಬ ಯಾಕೆ ಬಗ್ಗಿದೆ ಎಂದು ಕೇಳಿದ್ದ. ಯಾವ ಕಂಬವೂ ಬಗ್ಗಿರಲಿಲ್ಲ. ತಮಾಷೆ ಮಾಡಿದೆ ಎಂದು ನಕ್ಕುಬಿಟ್ಟ. ಆಮೇಲೆ ಒಂದು ವರ್ಷ ಅವನು ರಸ್ತೆಯ ನೆನಪಿನ ಮೇಲೆಯೇ ಲಾರಿ ಓಡಿಸಿದ. ಅದು ಮನೆಯವರಿಗೆ ತಿಳಿದದ್ದು ಅವನ ಲಾರಿ ಪಕ್ಕದ ಮನೆಯ ಸಾಲೋ ಕುಟುಂಬದ ರಸ್ತೆಬದಿಯ ಅಂಚೆಪೆಟ್ಟಿಗೆಯನ್ನು ಬುಡಸಮೇತ ಕಿತ್ತುಕೊಂಡು ಹೋದ ದಿನ. ಅದರೊಳಗಿನ ಪತ್ರಿಕೆ ತೆಗೆದುಕೊಂಡು ಆ ಮನೆಯ ಹುಡುಗಿ ಆಗಷ್ಟೇ ಒಳಗೆ ಹೋಗಿದ್ದಳು. ಅಪ್ಪ ಲಾರಿಯಿಂದಿಳಿದು ಮುರಿದ ಮರದ ಕಂಬವನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದ. ಬೀಗದ ಕೈಯನ್ನು ಅಮ್ಮನ ಕೈಗೆ ಕೊಟ್ಟ. ಕಣ್ಣಿನ ಹಿಂದಿನ ಪರದೆ ನಡುವಿನಲ್ಲಿ ಸತ್ತುಹೋಗಿದೆ ಎಂದರು ಡಾಕ್ಟರು. ಕೊನೆಕೊನೆಗೆ ಅವನು ಮಾತಾಡುವಾಗ ಎದುರಿನವರ ಕಿವಿಯ ಕಡೆ ನೋಡುತ್ತಿದ್ದ. ನೇರವಾಗಿ ನೋಡಿದರೆ ಮುಖ ಇರುತ್ತಿರಲಿಲ್ಲ.

 ಡ್ವೇನ್ ಟವೆಲ್ಲಿನ ಮೇಲಿದ್ದ ಸಣ್ಣ ತಿರುಪನ್ನು ಬೆರಳಿನಿಂದ ಅತ್ತಿತ್ತ ಉರುಳಿಸಿದ.

"ಡಾಕ್ಟ್ರ ಹತ್ರ ಹೋಗೋಣ," ಎಂದ. "ಅಲ್ಲೀವರ್ಗೂ ನೀನೇ ಡಾಕ್ಟರ್ ಆಗ್ಬೇಡ."

"ಅಲ್ಲೀವರ್ಗೂ ಬಸ್ಸು?"

 ಅವಳು ಎದ್ದು ಹೋಗಿ ಫೋನ್ ತೆಗೆದುಕೊಂಡಳು.

"ಗ್ಲೆನ್, ನಾಳೆಯಿಂದ ನನ್ನ ಬಸ್ಸಿಗೆ ಬೇರೆಯವ್ರನ್ನ ನೋಡ್ಕೋ."

"ಯಾಕೆ, ಜ್ವರಾನಾ?"

"ಕಣ್ಣು. ಏನಾಗಿದೆ ಅಂತ ಗೊತ್ತಿಲ್ಲ. ಗೊತ್ತಾಗೋವರ್ಗೂ ಮಕ್ಕಳನ್ನ ಕೂರಿಸ್ಕೊಂಡು ನಾನು ಓಡ್ಸಲ್ಲ."

"ಅಯ್ಯೋ ಮಾರ್ಲಿಸ್, ಹೋದ ವರ್ಷ ತಾನೇ ಕಣ್ಣಿನ ಪರೀಕ್ಷೇಲಿ ಪಾಸಾಗಿದ್ದೀಯ! ನನ್ಹತ್ರ ಡ್ರೈವರ್ರೇ ಇಲ್ಲ. ಡಾಕ್ಟ್ರು ಬೇಡ ಅನ್ನೋವರ್ಗೂ ಓಡ್ಸು, ನಾನೂ ಯಾರಿಗೂ ಹೇಳಲ್ಲ..."

"ಗ್ಲೆನ್."

ಆ ಕಡೆ ಉಸಿರು ಬಿಟ್ಟ ಸದ್ದು. "ಸರಿ ಬಿಡು. ನಾನೇ ಹೋಗ್ತೀನಿ. ನಿನ್ನ ಬಸ್ಸಿನ ಅವಳಿ ಹುಡುಗ್ರು ಇನ್ನೂ ಕಚ್ಚಾಡ್ತಾರಾ?"

"ಒಬ್ಬನ್ನ ಮುಂದೆ ಕೂರ್ಸು, ಒಬ್ಬನ್ನ ಕೊನೇಲಿ. ಮತ್ತೆ ಬೆಟ್ಟದ ತಿರುವಿನಲ್ಲಿ ಮಂಜು ದಟ್ಟವಾಗಿರುತ್ತೆ, ಮುಂಚೇನೇ ನಿಧಾನ ಮಾಡ್ಕೋ."

ಫೋನ್ ಇಟ್ಟ ಮೇಲೆ ಅವಳಿಗೆ ಅಳು ಬರಬೇಕಿತ್ತು. ಬದಲಿಗೆ ಹಸಿವಾಯಿತು. ನಿಂತುಕೊಂಡೇ ಒಂದು ಬಟ್ಟಲು ಸೂಪು ಕುಡಿದಳು.

ಡಾಕ್ಟರು ಸಿಗುವುದು ಗುರುವಾರ ಎಂದಾಯಿತು. ನಡುವಿನ ದಿನಗಳು ಕೆಟ್ಟದಾಗಿದ್ದವು. ಬೆಳಗ್ಗೆ ಎಂದಿನ ಹೊತ್ತಿಗೇ ಎಚ್ಚರವಾಗುತ್ತಿತ್ತು. ಕಾಫಿ ಹಿಡಿದು ಕಿಟಕಿಯ ಹತ್ತಿರ ನಿಂತರೆ ಕತ್ತಲಲ್ಲಿ ಹಳದಿ ಬಸ್ಸು ಹಾದುಹೋಗುತ್ತಿತ್ತು. ಬ್ರೇಕನ್ನು ಗ್ಲೆನ್ ಪ್ರತಿ ಸಲವೂ ತಡವಾಗಿ ಒತ್ತುತ್ತಿದ್ದ. ಆಮೇಲೆ ಮನೆಯಲ್ಲಿರುವ ಎಲ್ಲ ನೇರ ಗೆರೆಗಳನ್ನೂ ಅವಳು ಪರೀಕ್ಷಿಸುತ್ತಿದ್ದಳು. ಬಾಗಿಲ ಚೌಕಟ್ಟು, ಫ್ರಿಜ್ಜಿನ ಅಂಚು, ಸ್ನಾನದ ಮನೆಯ ಬಿಲ್ಲೆಗಳು. ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ನೆಟ್ಟಗಿದ್ದವು. ತುಸು ಹೆಚ್ಚು ಹೊತ್ತು ದಿಟ್ಟಿಸಿದರೆ ಎಲ್ಲವೂ ಬಗ್ಗಿದಂತೆ ಕಾಣುತ್ತಿದ್ದವು. ಬುಧವಾರ ಸಂಜೆ ಕ್ಲಬ್ಬಿಗೆ ಹೋಗಲಿಲ್ಲ. ಡ್ವೇನ್ ಸೌನಾ ಬಿಸಿ ಮಾಡಿದ. ಇಬ್ಬರೂ ಕತ್ತಲಲ್ಲಿ ಬೆವರುತ್ತ ಕೂತರು. ಅವನ ಮುಖದ ಕಡೆ ನೋಡಬೇಕೆನ್ನಿಸಿದಾಗಲೆಲ್ಲ ಅವಳು ಕಾದ ಕಲ್ಲುಗಳ ಮೇಲೆ ನೀರು ಸುರಿದಳು.

ಗುರುವಾರ ಆಸ್ಪತ್ರೆಗೆ ಹೊರಡುವಾಗ ರೆಡ್ ಡಾಟನ್ನು ಕಾರ್ಬೈನಿನಿಂದ ಬಿಚ್ಚಿ, ಡ್ವೇನನ ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಬಾಯಲ್ಲಿ ವಿವರಿಸುವುದಕ್ಕಿಂತ ತೋರಿಸುವುದೇ ಸುಲಭ ಎನ್ನಿಸಿತು.

ಒಳಗೆ ಕರೆದ ಡಾಕ್ಟರು ಮೂವತ್ತರ ಆಸುಪಾಸಿನ ಹೆಂಗಸು. ಕೋಟಿನ ಮೇಲೆ ನೀಮಿ ಎಂದಿತ್ತು.

"ಮಿಸೆಸ್ ಹೌಟಾಲ! ನನ್ನ ನೆನಪಿದ್ಯಾ?"

ಮಾರ್ಲಿಸ್ ಅವಳನ್ನೇ ನೋಡಿದಳು. "ಕಾರಿನ್ ನೀಮಿ. ಮೂರನೇ ಸೀಟು, ಕಿಟಕಿ ಪಕ್ಕ. ಪ್ರತಿ ಸೋಮವಾರ ವಾಂತಿ."

"ಪ್ರತಿ ಸೋಮವಾರ ಏನಲ್ಲ!"

"ಬಕೆಟ್ ತೊಳೀತಿದ್ದೋಳು ನಾನು."

ಡಾಕ್ಟರು ಜೋರಾಗಿ ನಕ್ಕಳು. ಮಾರ್ಲಿಸ್ ಕುರ್ಚಿಯ ಮೇಲೆ ಕೂತು ಅಪ್ಪನ ವಿಷಯ ಹೇಳಿದಳು. ಪೊರಕೆಯಂಥ ದೀಪಗಳ ವಿಷಯ ಹೇಳಿದಳು. ಕಾಲುಚೀಲ ಬಿಚ್ಚಿದಳು.

"ಬಂದೂಕು ತಂದಿಲ್ಲ ತಾನೇ?" ಎಂದಳು ಡಾಕ್ಟರು.

"ಮನೇಲಿದೆ. ಇದು ಬರೀ ಅದರ ಟೋಪಿ."

ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಕೋಣೆಯ ದೀಪ ಆರಿಸಿ, ಎದುರು ಗೋಡೆಯ ಅಕ್ಷರಗಳ ಹಲಗೆಯತ್ತ ಹಿಡಿದಳು. "ನಂಗೆ ದುಂಡಗೆ ಕಾಣುತ್ತೆ. ನೀವು ನೋಡಿ. ಬಲಗಣ್ಣು. ಏನು ಕಾಣುತ್ತೆ?"

"ಬಾಲ. ಎಡಕ್ಕೆ."

"ಹಾಗೇ ಹಿಡ್ಕೊಂಡಿರಿ." ಡಾಕ್ಟರು ಮೇಜಿನ ಖಾನೆಯಿಂದ ಒಂದು ಕರಿಯ ಬಿಲ್ಲೆಯನ್ನು ತೆಗೆದಳು. ಅದರ ನಡುವೆ ಸೂಜಿಯಿಂದ ಚುಚ್ಚಿದಷ್ಟು ಸಣ್ಣ ತೂತು. ಅದನ್ನು ಮಾರ್ಲಿಸಳ ಕಣ್ಣಿಗೂ ಗಾಜಿಗೂ ನಡುವೆ ತಂದು, ತೂತು ಕಣ್ಣಿನ ನೇರಕ್ಕೆ ಬರುವವರೆಗೆ ಮೆಲ್ಲಗೆ ಸರಿಸಿದಳು. "ಈಗ?"

 ಕತ್ತಲ ನಡುವೆ, ದೊಡ್ಡ ಅಕ್ಷರದ ಮೇಲೆ, ಒಂದು ಕೆಂಪು ಚುಕ್ಕಿ ಇತ್ತು. ದುಂಡಗಿತ್ತು. ಬಾಲ ಎಲ್ಲೋ ಹೋಗಿತ್ತು. ಡಾಕ್ಟರು ಬಿಲ್ಲೆ ತೆಗೆದಾಗ ಬಾಲ ಬಂತು, ಇಟ್ಟಾಗ ಹೋಯಿತು.

"ಏನ್ ಮಾಡಿದ್ರಿ?"

"ನಾನೇನೂ ಮಾಡ್ಲಿಲ್ಲ. ನಿಮ್ಮ ಕಣ್ಣಿನ ಹಿಂದಿನ ಪರದೆ ಹಾಳಾಗಿದ್ರೆ ಈ ತೂತು ಇಟ್ರೂ ಸುಖ ಇರ್ತಿರ್ಲಿಲ್ಲ. ತೂತಿಂದ ಸರಿ ಹೋಯ್ತು ಅಂದ್ರೆ ತೊಂದ್ರೆ ಮುಂದುಗಡೆ ಇದೆ. ಮುಂದುಗಡೆದು ಕನ್ನಡಕದಿಂದ ಸರಿಹೋಗುತ್ತೆ." ಅವಳು ದೀಪ ಹಾಕಿದಳು. "ಆದ್ರೂ ನಿಮ್ಮ ತಂದೇದು ಕೇಳಿದ್ಮೇಲೆ ನಾನು ಹಿಂದೇನೂ ನೋಡದೆ ಬಿಡಲ್ಲ. ಔಷಧಿ ಹಾಕ್ತೀನಿ, ಉರಿಯುತ್ತೆ. ಬಕೆಟ್ ಬೇಕಾದ್ರೆ ಹೇಳಿ."

ಕಣ್ಣಿನ ಪಾಪೆ ಹಿಗ್ಗುವವರೆಗೆ ಕಾಯಬೇಕಾಯಿತು. ಆಮೇಲೆ ಗದ್ದವನ್ನು ಒಂದು ಕಂಬಿಯ ಮೇಲಿಟ್ಟು, ಕಣ್ಣೊಳಗೆ ಹಗಲೇ ನುಗ್ಗಿದಂಥ ಬೆಳಕನ್ನು ಸಹಿಸಿಕೊಳ್ಳಬೇಕಾಯಿತು. ಮೇಲೆ ನೋಡಿ, ಕೆಳಗೆ ನೋಡಿ, ನನ್ನ ಕಿವಿ ನೋಡಿ. ಡಾಕ್ಟರು ಕಿವಿ ನೋಡಿ ಎಂದಾಗ ಮಾರ್ಲಿಸಳ ಕೈ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿಯಿತು. ಡಾಕ್ಟರು ಎಡಗಣ್ಣು ನೋಡಿದಳು, ಮತ್ತೆ ಬಲಗಣ್ಣಿಗೆ ಬಂದಳು. ಯಾಕೆ ಮತ್ತೆ ಬಲಗಣ್ಣು ಎಂದು ಕೇಳುವ ಧೈರ್ಯ ಮಾರ್ಲಿಸಳಿಗೆ ಬರಲಿಲ್ಲ.

ಕೊನೆಗೆ ಬೆಳಕು ಆರಿತು.

"ಶುಭ್ರವಾಗಿದೆ," ಎಂದಳು ಡಾಕ್ಟರು. "ಎರಡೂ. ಒಂದು ಕಲೆ ಇಲ್ಲ. ನಿಮ್ಮ ವಯಸ್ಸಿನೋರ ಕಣ್ಣಲ್ಲಿ ಇಷ್ಟು ಚೆನ್ನಾಗಿರೋ ಪರದೆ ನೋಡೋದೇ ಅಪರೂಪ, ಅದಕ್ಕೇ ಇನ್ನೊಂದ್ಸಲ ನೋಡ್ದೆ. ನಿಮಗಿರೋದು ಅಸ್ಟಿಗ್ಮ್ಯಾಟಿಸಂ. ಕಣ್ಣಿನ ಮುಂಭಾಗ ಚೆಂಡಿನ ಥರ ಇರ್ಬೇಕು, ನಿಮ್ದು ಒಂಚೂರು ನಿಂಬೆಹಣ್ಣಿನ ಥರ ಇದೆ. ಮೊದ್ಲಿಂದ್ಲೂ ಸ್ವಲ್ಪ ಇತ್ತೇನೋ, ಈಗ ಜಾಸ್ತಿ ಆಗಿದೆ. ಅದಕ್ಕೇ ದೀಪ ಎಲ್ಲಾ ಎಳ್ಕೊಂಡು ಕಾಣೋದು. ಊರಲ್ಲಿ ಅರ್ಧ ಜನಕ್ಕೆ ಇದೆ."

"ಅಪ್ಪನ್ದಲ್ವಾ?"

"ಅಲ್ಲ. ವರ್ಷಕ್ಕೊಂದ್ಸಲ ಬನ್ನಿ, ನಾನು ನೋಡ್ತಾ ಇರ್ತೀನಿ. ಆದ್ರೆ ಇದು ಅದಲ್ಲ."

"ಬಸ್ಸು ಓಡಿಸ್ಬೋದಾ?"

"ಕನ್ನಡಕ ಬಂದ ದಿನದಿಂದ. ಅಲ್ಲೀವರ್ಗೂ ಕತ್ತಲಲ್ಲಿ ಬೇಡ. ಒಳ್ಳೇದೇ ಮಾಡಿದ್ರಿ ನಿಲ್ಲಿಸಿ."

ಮಾರ್ಲಿಸ್ ತಲೆಯಾಡಿಸಿದಳು. ಥ್ಯಾಂಕ್ಸ್ ಹೇಳಲೆಂದು ಬಾಯಿ ತೆರೆದಳು. ಅದೆಲ್ಲಿಂದಲೋ ಒಂದು ಬಿಕ್ಕು ಬಂತು, ಅದರ ಹಿಂದೆಯೇ ಇನ್ನೊಂದು. ಕೈಗೆ ಸಿಕ್ಕಿದ್ದು ಡ್ವೇನನ ಕಾಲುಚೀಲ. ಅದರಲ್ಲೇ ಮೂಗು ಒರೆಸಿಕೊಂಡಳು. ಡಾಕ್ಟರು ಕಾಗದದ ಕರವಸ್ತ್ರದ ಡಬ್ಬಿ ಮುಂದೆ ಹಿಡಿಯುವಷ್ಟರಲ್ಲಿ ಕೆಲಸ ಮುಗಿದಿತ್ತು.

ಹೊರಗೆ ಡ್ವೇನ್ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಬೆಳಕು ಚುಚ್ಚದಿರಲೆಂದು ಅವಳ ಕಣ್ಣಿಗೆ ನರ್ಸು ಸುರುಳಿ ಸುತ್ತಿದ ಕಪ್ಪು ಪ್ಲಾಸ್ಟಿಕ್ ಹಾಳೆಯೊಂದನ್ನು ಸಿಕ್ಕಿಸಿದ್ದರಿಂದ ಮುಖ ನೋಡಿ ಅವನಿಗೇನೂ ಗೊತ್ತಾಗಲಿಲ್ಲ.

"ಏನಂದ್ರು?"

"ನಿಂಬೆಹಣ್ಣು ಅಂದ್ರು."

"ಏನು?"

"ನನ್ನ ಕಣ್ಣು ನಿಂಬೆಹಣ್ಣಿನ ಆಕಾರದಲ್ಲಿದೆಯಂತೆ. ಅಷ್ಟೇನಂತೆ ಡ್ವೇನ್. ಇನ್ನೇನೂ ಇಲ್ವಂತೆ. ಒಂದು ಕನ್ನಡಕ ಅಂತೆ."

ಡ್ವೇನ್ ಕುರ್ಚಿಯ ಮೇಲೆ ಮತ್ತೆ ಕೂತ.  ಒಂದು ಕೈಯಿಂದ ಮುಖವನ್ನೆಲ್ಲ ಉಜ್ಜಿಕೊಂಡ. "ಅದೇನು ನನ್ನ ಕಾಲುಚೀಲ?" ಎಂದ.

"ಒಗೀತೀನಿ ಬಿಡು," ಎಂದಳು.

ಕಾರು ರೋಲಿಯ ಅಂಗಡಿಯ ಮುಂದೆ ನಿಂತಿತು. ನಿಲ್ಲಿಸೆಂದು ಅವಳೇ ಹೇಳಿದ್ದಳು. ಒಳಗೆ ಇಬ್ಬರು ಗಿರಾಕಿಗಳು ಬೂಟು ನೋಡುತ್ತಿದ್ದರು. ಮಾರ್ಲಿಸ್ ಆ ಕಪ್ಪು ಹಾಳೆಯನ್ನು ಹಣೆಗೇರಿಸಿ, ದೀಪಗಳ ಬೆಳಕಿಗೆ ಕಣ್ಣು ಕಿರಿದು ಮಾಡಿ, ಕೌಂಟರಿನ ಮೇಲಿದ್ದ ರೋಲಿಯ ಅಂಗಡಿಯ ಕಾರ್ಡೊಂದನ್ನು ಎತ್ತಿಕೊಂಡಳು. ಡ್ವೇನನ ಟೋಪಿಗೆ ಚುಚ್ಚಿದ್ದ ಮೀನಿನ ಗಾಳವನ್ನು ಕಿತ್ತು ಅದರಲ್ಲಿ ಕಾರ್ಡಿನ ನಡುವೆ ಒಂದು ತೂತು ಮಾಡಿದಳು.

"ಅದಕ್ಕೂ ಕಾಸು ಕೊಟ್ಟು ಅಚ್ಚು ಹಾಕ್ಸಿದ್ದೀನಿ," ಎಂದ ರೋಲಿ.

"ಸುಮ್ನಿರೋ. ನಿನ್ನ ಹತ್ರ ಇರೋ ಅಗ್ಗದ್ದೆಲ್ಲ ತೆಗೆದಿಡು."

ವಿಷಯವೆಲ್ಲ ಕೇಳಿದ ಮೇಲೆ ರೋಲಿಯ ಮುಖ ಒಂದು ಗಳಿಗೆ ಗಂಭೀರವಾಯಿತು. ಅವನಿಗೂ ಎಯ್ನಾರ್ ಗೊತ್ತಿದ್ದ. ಕೈ ಚಾಚಿ ಅವಳ ಹೆಗಲು ತಟ್ಟಿದ. ಆಮೇಲೆ ತನ್ನ ಎಂದಿನ ದನಿಗೆ ಬಂದ.

"ಹಂಗಾದ್ರೆ ನನ್ನ ಮಾಲು ಸರಿಯಾಗಿತ್ತು."

"ಸರಿಯಾಗಿತ್ತು."

"ಇನ್ನೊಂದ್ಸಲ ಹೇಳು, ಡ್ವೇನ್ ಕೇಳಿಸ್ಕೊಳ್ಲಿ."

"ಏಣಿ ನಾಳೆ ತರ್ತೀನಿ," ಎಂದ ಡ್ವೇನ್.

ರೋಲಿ ಮೊದಲು ಬೀಗ ಹಾಕಿದ್ದ ಕಪಾಟಿನಿಂದ ಒಂದನ್ನು ತೆಗೆದ. "ನೋಡು, ಇದು ಬೇರೆ ಜಾತಿ. ಇದ್ರಲ್ಲಿ ಗುರುತನ್ನ ಗಾಜಿನ ಮೇಲೇ ಕೆತ್ತಿರ್ತಾರೆ. ನಿನ್ನಂಥ ಕಣ್ಣಿದ್ರೂ ಬಾಲ ಬರಲ್ಲ. ಸ್ವಲ್ಪ ತೂಕ, ತಲೆ ಒಂದೇ ಜಾಗದಲ್ಲಿ ಇಟ್ಕೋಬೇಕು, ಬೆಲೇನೂ ಜಾಸ್ತಿ. ಆದ್ರೆ ಕನ್ನಡಕ ಇಲ್ದೇನೂ ನಡೆಯುತ್ತೆ."

ಅವಳು ಅದನ್ನು ಕೈಯಲ್ಲಿ ತೂಗಿ ನೋಡಿದಳು. ಒಂದು ವಾರದ ಹಿಂದೆ ಯಾರಾದರೂ ಇದನ್ನು ಕೊಟ್ಟಿದ್ದರೆ ಬೆಲೆ ಕೇಳದೆ ಕೊಂಡುಬಿಡುತ್ತಿದ್ದಳೇನೋ. ಬಾಲ ಕಾಣದಿದ್ದರೆ ಬಾಲ ಇಲ್ಲವೆಂದೇ ನಂಬಿಕೊಂಡು ಇನ್ನೊಂದು ಚಳಿಗಾಲ ಬಸ್ಸು ಓಡಿಸುತ್ತಿದ್ದಳೇನೋ.  ವಾಪಸು ಕೊಟ್ಟಳು.

"ಬೇಡ ಕಣೋ. ಕನ್ನಡಕ ಹೆಂಗೂ ಬರುತ್ತೆ. ನಂಗೆ ಚುಕ್ಕಿ ಇರೋದೇ ಬೇಕು."

ಹಾಗೆ ಅವಳು ಒಂದು ಕಣ್ಣಿನ ಮುಂದೆ ತೂತಿನ ಕಾರ್ಡು ಹಿಡಿದು, ಹಿಗ್ಗಿದ ಪಾಪೆಯಿಂದ ನೀರು ಸುರಿಸುತ್ತ, ಒಂದೊಂದೇ ರೆಡ್ ಡಾಟನ್ನು ಜಿಂಕೆಯ ಮೂಗಿಗೆ ಹಿಡಿದು ನೋಡಿದಳು. ಬೂಟು ನೋಡುತ್ತಿದ್ದವರು ಬೂಟು ಬಿಟ್ಟು ಅವಳನ್ನೇ ನೋಡತೊಡಗಿದರು. ಎಲ್ಲಕ್ಕಿಂತ ಅಗ್ಗದ್ದರಲ್ಲಿ ಚುಕ್ಕಿ ದುಂಡಗೇ ಇತ್ತು, ಆದರೆ ಗಾಜಿಗೆ ನೀಲಿ ಛಾಯೆ; ರೋಲಿ ಅದನ್ನು ಕೌಂಟರಿಗೆ ಎರಡು ಸಲ ಕುಟ್ಟಿದಾಗ ಚುಕ್ಕಿ ಒಮ್ಮೆ ಆರಿ ಹತ್ತಿತು. ಇನ್ನೊಂದರ ಕಿಟಕಿ ದೊಡ್ಡದು, ನೋಡಲು ಚೆಂದ, ಆದರೆ ಗುಂಡಿಗಳು ಎಷ್ಟು ಸಣ್ಣವೆಂದರೆ ಚಳಿಯ ಕೈಗವಸಿನಲ್ಲಿ ಒತ್ತಲಾಗುತ್ತಿರಲಿಲ್ಲ. ಕೊನೆಗೆ ಕೈಚೀಲದಿಂದ ತನ್ನ ಜೊತೆ ಆಸ್ಪತ್ರೆಗೆ ಹೋಗಿಬಂದದ್ದನ್ನು ತೆಗೆದಳು. ರೋಲಿ ಅದನ್ನೂ ಕುಟ್ಟಿದ. ಚುಕ್ಕಿ ಅಲುಗಲಿಲ್ಲ. ಅದನ್ನು ಅಲುಗಾಡಿಸದೆ ಇಟ್ಟರೆ ತಾನೇ ನಿದ್ದೆ ಹೋಗುತ್ತದೆ, ಎತ್ತಿದರೆ ತಾನೇ ಏಳುತ್ತದೆ, ಒಂದು ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ ಎಂದ.

"ಇದೇ," ಎಂದಳು ಮಾರ್ಲಿಸ್.

"ಮೊದ್ಲೇ ಹೇಳಿದ್ನಲ್ಲ!"

"ಮೊದ್ಲೇ ಹೇಳ್ದೆ. ಸರಿಯಾಗೇ ಹೇಳ್ದೆ. ಬಿಲ್ ಮಾಡು. ನನಗೆ ಅಂಕಿ ಕಾಣಲ್ಲ, ಡ್ವೇನ್ ನೋಡ್ತಾನೆ, ಮೋಸ ಮಾಡ್ಬೇಡ."

ಹೊರಗೆ ಬಂದಾಗ ಸಂಜೆಯ ಬಿಸಿಲು ರಸ್ತೆಯ ಮೇಲೆಲ್ಲ ಚೆಲ್ಲಿತ್ತು. ಅವಳು ಹಾಳೆಯನ್ನು ಕಣ್ಣಿಗಿಳಿಸಿ, ತಲೆಯನ್ನು ಸೀಟಿಗೆ ಒರಗಿಸಿದಳು. ಸರೋವರದ ಪಕ್ಕದ ರಸ್ತೆ. ಮರಗಳು ಹಳದಿ ಮತ್ತು ಕೆಂಪು ಕಲೆಗಳಾಗಿ ಜಾರುತ್ತಿದ್ದವು. ಗ್ಲೆನ್‌ಗೆ ಫೋನ್ ಮಾಡಬೇಕು ಎಂದುಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಮಾಡಿದರಾಯಿತು.

 "ಹೊಗೆಯಾಡಿಸಿದ ಮೀನು," ಎಂದ ಡ್ವೇನ್.

"ಏನು?"

"ಬೋರ್ಡು. ನಿಂಗೆ ಕಾಣಲ್ವಲ್ಲ, ಓದಿ ಹೇಳ್ತಿದ್ದೀನಿ. ಹೊಗೆಯಾಡಿಸಿದ ಮೀನು, ಮುಂದಿನ ತಿರುವಿನಲ್ಲಿ ಎಡಕ್ಕೆ."

ಮೂವತ್ತೈದು ವರ್ಷ ಜೊತೆಗಿದ್ದ ಗಂಡ ಕಾರಿನಲ್ಲಿ ತಾನಾಗಿಯೇ ಮಾತು ತೆಗೆದದ್ದು ಅವಳಿಗೆ ನೆನಪಿರಲಿಲ್ಲ. ದೊಡ್ಡ ಅಕ್ಷರಗಳು ಅವಳಿಗೆ ಮಸುಕಾಗಿಯಾದರೂ ಕಾಣುತ್ತಿದ್ದವು. ಹೇಳಲಿಲ್ಲ.

"ಕಟ್ಟಿಗೆ ಮಾರಾಟಕ್ಕಿದೆ," ಎಂದ ಡ್ವೇನ್. "ಶುಕ್ರವಾರ ಚರ್ಚಿನಲ್ಲಿ ಮೀನೂಟ, ಎಲ್ಲರಿಗೂ ಸ್ವಾಗತ. ಜಿಂಕೆ ದಾಟೋ ಜಾಗ. ಸೇತುವೆ ರಸ್ತೆಗಿಂತ ಮೊದ್ಲು ಹೆಪ್ಪುಗಟ್ಟುತ್ತೆ. ಇದು ಕೈಯಲ್ಲಿ ಬರ್ದಿದ್ದಾರೆ... ಕುಂಬಳಕಾಯಿ. ನಿಮಗೆ ಬೇಕಾದ್ದು ಆರಿಸ್ಕೊಳ್ಳಿ."

"ನಿಲ್ಸು."

ಯಾರದೋ ಹೊಲದ ಅಂಚಿನಲ್ಲಿ, ಹುಲ್ಲಿನ ಗಾಡಿಯೊಂದರ ಮೇಲೆ ಕುಂಬಳಕಾಯಿಗಳನ್ನು ರಾಶಿ ಹಾಕಿದ್ದರು. ಕಾಯಲು ಯಾರೂ ಇರಲಿಲ್ಲ, ದುಡ್ಡು ಹಾಕಲು ಒಂದು ಡಬ್ಬಿ ಮಾತ್ರ ಇತ್ತು. ಮಾರ್ಲಿಸ್ ಇಳಿದು ಹೋದಳು. ಅಂಚುಗಳಿಲ್ಲದ ಒಂದು ದೊಡ್ಡ ಕಿತ್ತಳೆ ಬೆಳಕಿನಂತೆ ರಾಶಿ ಅವಳ ಮುಂದೆ ನಿಂತಿತ್ತು. ಕಣ್ಣಿಗೆ ಕೆಲಸ ಕೊಡದೆ, ಎರಡೂ ಕೈಯಿಂದ ಒಂದೊಂದನ್ನೇ ಸವರುತ್ತ ಹೋದಳು. ಒಂದು ಚಪ್ಪಟೆ, ಒಂದು ಸೊಟ್ಟ, ಒಂದರ ಬೆನ್ನ ಮೇಲೆ ಮಣ್ಣು ಒಣಗಿತ್ತು. ಡ್ವೇನ್ ಡಬ್ಬಿಗೆ ದುಡ್ಡು ಹಾಕಿ, ಕಾರಿನ ಬಾಗಿಲಿಗೊರಗಿ ಕಾದ. ಸೊಟ್ಟದನ್ನೇ ಎತ್ತಿಕೊಂಡು ಬಂದು ಮಡಿಲಲ್ಲಿಟ್ಟುಕೊಂಡಳು. ಅದು ಇಡೀ ದಿನ ಬಿಸಿಲಲ್ಲಿ ಕೂತು ಇನ್ನೂ ಬೆಚ್ಚಗಿತ್ತು.

ಕಾರು ಹೊರಟಿತು. ಡ್ವೇನ್ ಮುಂದಿನ ಬೋರ್ಡು ಓದಿದ.